ಒಂದು ಗೇಣು ಗಾಳಿ

“ಸುಳ್ಳು! ಅವನ ಕೈ ನಿಂಗೆ ತಾಗ್ಲೇ ಇಲ್ಲ. ಮಧ್ಯೆ ಒಂದು ಗೇಣು ಗಾಳಿ ಇತ್ತು. ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ ಎಮಿಲ್, ನಂಗೇನು ಕಣ್ಣು ಹೋಗಿದ್ಯಾ?”

“ತಾಗ್ತು.”

“ಎಲ್ಲಿ ತಾಗ್ತು?”

“ಇಲ್ಲಿ. ದವಡೆಗೆ.”

“ತೋರ್ಸು.”

ಎಮಿಲ್ ವೋಸ್ಕಾ ಕುರ್ಚಿಯಲ್ಲಿ ಕೂತಲ್ಲೇ ಮುಖ ಎತ್ತಿ ತೋರಿಸಿದ. ಇಪ್ಪತ್ತಾರು ವರ್ಷಗಳಿಂದ ಕೌಬಾಯ್ ಚಿತ್ರಗಳಲ್ಲಿ ಗುದ್ದು ತಿನ್ನುವುದಕ್ಕೆಂದೇ ಸಂಬಳ ಪಡೆದ ದವಡೆ ಅದು. ಬೆಳಗಿನ ಕ್ಷೌರ ಮುಗಿಸಿಕೊಂಡು ಹಸುಗೂಸಿನ ಅಂಗಾಲಿನ ಹಾಗೆ ನುಣ್ಣಗಿತ್ತು. ಓಪಲ್ ಬಾಣಲೆಯನ್ನು ಒಲೆಯ ಮೇಲೆ ಕುಕ್ಕಿ, ಮೊಟ್ಟೆ ಮಗುಚುವ ಸೌಟಿನ ತುದಿಯಿಂದಲೇ ಗಂಡನ ಗಲ್ಲವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ನೋಡಿದಳು.

“ಏನೂ ಇಲ್ಲ.”

“ಒಳಪೆಟ್ಟು. ಮೇಲೆ ಬರೋಕೆ ಎರಡು ದಿನ ಬೇಕು.”

“ಬಂದಾಗ ತೋರ್ಸು ಹಾಗಾದ್ರೆ, ನಾನೂ ನೋಡ್ತೀನಿ.” ಅವಳು ಒಲೆ ಆರಿಸಿ ಎದುರಿಗೆ ಕೂತಳು. ಸಿಟ್ಟಿಳಿದಿರಲಿಲ್ಲ, ದನಿ ಮಾತ್ರ ಇಳಿದಿತ್ತು. “ನೋಡು, ನಿನ್ನೆಯಿಂದ ಕೇಳ್ತಿದೀನಿ, ಈಗ ಕೊನೇ ಸಲ ಕೇಳ್ತೀನಿ. ‘ಅವನು ಹೊಡೀಲಿಲ್ಲ, ನಾನೇ ಬಿದ್ದೆ’ ಅಂತ ಒಂದು ಮಾತು ಅನ್ನು. ನಾನು ನಗ್ತೀನಿ. ನೀನೂ ನಗು. ಅಲ್ಲಿಗೆ ಮುಗೀತು.”

“ಹೊಡೆದ ಅಂತ ಹೇಳಿದ್ನಲ್ಲ.”

“ಹಾಗೋ? ಕೇಳಿಸ್ಕೋ ಈಗ. ಮೂವತ್ತು ವರ್ಷ ಈ ಮುಖಾನ ನೋಡ್ಕೊಂಡು ಎದ್ದಿದೀನಿ. ಮುಖ ನೋಡಿ ಕಟ್ಕೊಂಡೆ ಅಂದ್ಕೊಂಡ್ಯಾ? ಬಾಯಿ ನೋಡಿ ಕಟ್ಕೊಂಡಿದ್ದು. ಈ ಬಾಯಲ್ಲಿ ಸುಳ್ಳು ಬರಲ್ಲ ಅಂತ. ಅದೂ ಹೋದ್ಮೇಲೆ ಈ ಮನೇಲಿ ನನಗೇನಿದೆ? ನಾನು ಹೊರಟುಹೋಗ್ತೀನಿ ಎಮಿಲ್. ತಮಾಷೆ ಅಲ್ಲ.”

ಹೊರಗೆ ಸ್ಟುಡಿಯೋದ ಬಸ್ಸು ಬಂದು ಹಾರ್ನ್ ಹೊಡೆಯಿತು. ಎಮಿಲ್ ತಿನ್ನದ ಮೊಟ್ಟೆಯನ್ನೊಮ್ಮೆ ನೋಡಿ, ಟೊಪ್ಪಿ ಎತ್ತಿಕೊಂಡು, ಬಾಗಿಲಲ್ಲಿ ಒಂದು ಗಳಿಗೆ ನಿಂತ. ಅನ್ನಬಹುದಿತ್ತು. ಹತ್ತು ಹನ್ನೆರಡು ಅಕ್ಷರಗಳ ಮಾತು. ಅವನು ಕಲಿತ ಸಂಭಾಷಣೆಗಳಲ್ಲಿ ಅದಕ್ಕಿಂತ ಉದ್ದದವೂ ಇದ್ದವು, ಅದಕ್ಕಿಂತ ನಾಚಿಕೆಗೇಡಿನವೂ ಇದ್ದವು. ಹಾರ್ನ್ ಇನ್ನೊಮ್ಮೆ ಕೂಗಿತು. ಹಾರ್ನಿಗೆ ಉತ್ತರ ಕೊಡುವವನ ಹಾಗೆ ಅವನು ಇಳಿದು ಹೋದ.

ಬಸ್ಸಿನಲ್ಲಿ ಆ ದಿನದ ಕೊಲೆಗಡುಕರೆಲ್ಲ ತಂತಮ್ಮ ಕಾಫಿ ಫ್ಲಾಸ್ಕು, ಊಟದ ಡಬ್ಬಿಗಳೊಂದಿಗೆ ಆಗಲೇ ಕೂತಿದ್ದರು. ಹೆಣ್ಣು ಹೊತ್ತೊಯ್ಯುವವನು ಕನ್ನಡಕ ಹಾಕಿಕೊಂಡು ಪತ್ರಿಕೆಯಲ್ಲಿ ಗುಲಾಬಿ ಗಿಡಕ್ಕೆ ಹುಳ ಬಿದ್ದರೆ ಏನು ಮಾಡಬೇಕೆಂದು ಓದುತ್ತಿದ್ದ. ಬ್ಯಾಂಕು ದೋಚುವವರಿಬ್ಬರು ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ ಹೋಗಿದ್ದರು. ಹಿಂದಿನ ಸೀಟಿನಲ್ಲಿ ಥರ್ಲೋ ಪೈಕ್ ಮೊಮ್ಮಗುವಿಗೆ ಕಾಲುಚೀಲ ಹೆಣೆಯುತ್ತಿದ್ದ. ಎಡಗಣ್ಣಿನ ಮೇಲೆ ನಿಜವಾದ ಗಾಯದ ಗುರುತು ಇದ್ದ ಒಬ್ಬನೇ ಒಬ್ಬ ಖಳ ಅವನು. ಅದೂ ಚಿಕ್ಕಂದಿನಲ್ಲಿ ಉಯ್ಯಾಲೆಯಿಂದ ಬಿದ್ದದ್ದು.

“ಬಾರಯ್ಯ ಬಾ,” ಅಂದ ಥರ್ಲೋ, ಕಡ್ಡಿಯಿಂದ ಕಣ್ಣು ತೆಗೆಯದೆ. “ಶನಿವಾರ ಕರಬೂಜದ ರಾಶಿ ಮೇಲೆ ಮಲಗಿದ್ಯಂತೆ?”

“ಯಾರು ಹೇಳಿದ್ದು?”

“ನನ್ನ ಸೊಸೆ ತಂಗಿ ಅಲ್ಲೇ ಇದ್ಲಂತೆ ಕಣೋ. ಸಿನಿಮಾದವರು ಏನೋ ಜಾಹೀರಾತು ಮಾಡ್ತಿದಾರೆ ಅಂದ್ಕೊಂಡು ಚಪ್ಪಾಳೆ ತಟ್ಟಿದ್ಲಂತೆ. ಬಹಳ ಚೆನ್ನಾಗಿ ಬಿದ್ದೆ ಅಂತ ಹೊಗಳಿದ್ಲಪ್ಪ.” ಥರ್ಲೋ ನಕ್ಕ. “ಅದಕ್ಯಾಕೆ ಮುಖ ಊದಿಸ್ಕೋತೀಯ? ನಮ್ಮನೇಲಿ ಸಾರು ಬಡಿಸೋಕೆ ಹೆಂಡ್ತಿ ಕೈ ಎತ್ತಿದ್ರೆ ಸಾಕು, ನಾನು ಬೀಳೋಕೆ ಮೆತ್ತನೆ ಜಾಗ ಎಲ್ಲಿದೆ ಅಂತ ಹುಡುಕ್ತೀನಿ. ದೇಹಕ್ಕೇನು ಗೊತ್ತು, ಕ್ಯಾಮೆರಾ ಇದ್ಯೋ ಇಲ್ವೋ ಅಂತ?”

ಇಲ್ಲೂ ಬಾಗಿಲು ತೆರೆದೇ ಇತ್ತು. ನಗುನಗುತ್ತ ಒಳಗೆ ಕಾಲಿಡಬಹುದಾದ ಬಾಗಿಲು. ಎಮಿಲ್ ಅಂದ: “ಬಿದ್ದಿದ್ದಲ್ಲ. ಅವನು ಹೊಡೆದ.”

ಥರ್ಲೋನ ಕಡ್ಡಿ ನಿಂತಿತು. ಒಂದು ಕ್ಷಣ ಗೆಳೆಯನ ದವಡೆಯನ್ನು ನೋಡಿದ. ಕುದುರೆ ಕೊಳ್ಳುವವನು ಹಲ್ಲು ನೋಡುವ ಹಾಗೆ. “ಹೌದಾ?” ಅಂದ. “ಸರಿ. ಹೊಡೆದ ಹಾಗಾದ್ರೆ.” ಮತ್ತೆ ಹೆಣೆಯತೊಡಗಿದ. ಶೂಟಿಂಗ್ ನಡೆಯುವ ಚಾಟ್ಸ್‌ವರ್ತಿನ ಬಂಡೆಗಳು ಕಾಣುವಷ್ಟರಲ್ಲಿ ಕಾಲುಚೀಲದ ಹಿಮ್ಮಡಿ ಮುಗಿದಿತ್ತು.

ಆ ಬಂಡೆಗಳೂ ಎಮಿಲ್‌ನ ಹಾಗೇ. ಒಂದೇ ಬಂಡೆ ಒಂದು ವಾರ ಟೆಕ್ಸಸ್ ಆಗುತ್ತಿತ್ತು, ಇನ್ನೊಂದು ವಾರ ಮೆಕ್ಸಿಕೋ. ಪ್ರತಿಯೊಂದರ ಹಿಂದೆಯೂ ಅವನು ಒಮ್ಮೆಯಾದರೂ ಹೊಂಚು ಹಾಕಿ ಕೂತಿದ್ದ, ಪ್ರತಿಯೊಂದರ ಮೇಲಿಂದಲೂ ಒಮ್ಮೆಯಾದರೂ ಸತ್ತು ಉರುಳಿದ್ದ. ನೆಬ್ರಾಸ್ಕಾದ ಜೋಳದ ಹೊಲದಿಂದ ಬಂದ ವೋಸ್ಕಾ ಮನೆತನದವನಿಗೆ ಮೊದಲು ಸಿಕ್ಕಿದ್ದು ನಾಯಿ ಒದೆಯುವ ಪಾತ್ರ. ಕಥೆ ಶುರುವಾದ ಐದು ನಿಮಿಷದೊಳಗೆ ಬೀದಿನಾಯಿಯೊಂದನ್ನು ಒದ್ದು ಹೋಗುವವನು. ಇವನು ಕೆಟ್ಟವನು ಎಂದು ಜನಕ್ಕೆ ಗೊತ್ತಾಗಬೇಕಲ್ಲ, ಅದಕ್ಕೆ. ಎಮಿಲ್ ಹಿಂದಿನ ದಿನವೇ ಹೋಗಿ ಜೇಬಿನಲ್ಲಿಟ್ಟುಕೊಂಡ ಬೇಯಿಸಿದ ಮಾಂಸದ ಚೂರು ತಿನ್ನಿಸಿ ನಾಯಿಯ ಸ್ನೇಹ ಮಾಡಿಕೊಳ್ಳುತ್ತಿದ್ದ. ಒದೆ ನಾಯಿಗೆ ಒಂದು ಗೇಣು ಈಚೆಗೇ ನಿಲ್ಲುತ್ತಿತ್ತು. ನಾಯಿ ಕುಂಯ್ ಎನ್ನುವುದನ್ನು ಆಮೇಲೆ ಯಾರೋ ಬಾಯಲ್ಲಿ ಮಾಡಿ ಸೇರಿಸುತ್ತಿದ್ದರು. ಮುಂದೆ ಬಡ್ತಿ ಸಿಕ್ಕಿತು. ಒದೆಯುವವನಿಂದ ಒದೆಸಿಕೊಳ್ಳುವವನಾದ. ಆಗ ಹಳಬನೊಬ್ಬ ಅವನಿಗೆ ಈ ಕಸುಬಿನ ಗುಟ್ಟು ಹೇಳಿಕೊಟ್ಟಿದ್ದ: ಗುದ್ದು ಹೊಡೆದವನದಲ್ಲ ಮಗ, ತಿಂದವನದು. ಹೊಡೆಯುವವನು ಗಾಳಿಗೆ ಕೈ ಬೀಸುತ್ತಾನೆ, ಅದನ್ನು ಗುದ್ದು ಮಾಡುವವನು ನೀನು. ಅವನ ಕೈ ಹೊರಡುವ ಮೊದಲೇ ನಿನ್ನ ಹಿಮ್ಮಡಿಗೆ ಅದು ಗೊತ್ತಾಗಿರಬೇಕು. ಇಪ್ಪತ್ತಾರು ವರ್ಷದಲ್ಲಿ ಎಮಿಲ್ ಎಷ್ಟು ನಾಯಕರನ್ನು ಶೂರರನ್ನಾಗಿ ಮಾಡಿದ್ದನೋ ಲೆಕ್ಕವಿಲ್ಲ. ಅವರಲ್ಲಿ ಕೆಲವರು ಬಾಟಲಿಯ ಮುಚ್ಚಳ ತೆಗೆಯಲೂ ಇನ್ನೊಬ್ಬರನ್ನು ಕರೆಯುತ್ತಿದ್ದರು.

ಶನಿವಾರ ಆ ಕಂದು ಟೊಪ್ಪಿಯ ಮನುಷ್ಯನ ಕೈ ಹೊರಡುವ ಮೊದಲೇ ಎಮಿಲ್‌ನ ಹಿಮ್ಮಡಿಗೆ ಗೊತ್ತಾಗಿತ್ತು. ವ್ಯಾನ್ ನೈಸಿನ ಮಾರುಕಟ್ಟೆ, ಹನ್ನೊಂದು ಗಂಟೆ ಬಿಸಿಲು. ಓಪಲ್ ಬಗ್ಗಿ ಕರಬೂಜದ ತೊಟ್ಟು ಮೂಸುತ್ತಿದ್ದಳು. ಹಿಂದಿನಿಂದ ಬಂದ ಗಿರಾಕಿಯೊಬ್ಬನ ಸಾಮಾನಿನ ತಳ್ಳುಗಾಡಿ ಅವಳ ಹಿಮ್ಮಡಿಗೆ ಬಡಿಯಿತು. ಅವಳು ‘ಅಯ್ಯೋ’ ಅಂದಳು. ಗಾಡಿ ತಳ್ಳುತ್ತಿದ್ದ ಕಂದು ಟೊಪ್ಪಿಯವನು ಕ್ಷಮೆ ಕೇಳುವ ಬದಲು, “ದಾರೀಲಿ ಹಿಂಗೆ ಹರಡ್ಕೊಂಡು ನಿಂತ್ರೆ ಇನ್ನೇನಾಗುತ್ತೆ?” ಅಂದ. ಎಮಿಲ್ ಮಧ್ಯೆ ಬಂದು ನಿಂತು ಅವನನ್ನು ನೋಡಿದ. ಬರೇ ನೋಡಿದ. ಕಸುಬಿನ ನೋಟ ಅದು, ಹುಬ್ಬಿನ ಕೆಳಗಿಂದ, ರೆಪ್ಪೆ ಬಡಿಯದೆ. ಟೀವಿಯಲ್ಲಿ ವಾರವಾರವೂ ಯಾರದೋ ಮನೆಗೆ ಬೆಂಕಿ ಇಡುವ ಮುಖ ಇದ್ದಕ್ಕಿದ್ದ ಹಾಗೆ ಕರಬೂಜದ ಪಕ್ಕದಲ್ಲಿ ಎದ್ದು ನಿಂತರೆ ಯಾರ ಪ್ರಾಣ ಬಾಯಿಗೆ ಬರುವುದಿಲ್ಲ? ಆ ಬಡಪಾಯಿ ಹೆದರಿಕೆಯಲ್ಲಿ ಕಣ್ಣು ಮುಚ್ಚಿ ಕೈ ಬೀಸಿದ. ಗಾಳಿ ಮೂಗಿನ ಮುಂದೆ ಸುಯ್ಯೆಂದಿತು. ಅಷ್ಟರಲ್ಲಿ ಎಮಿಲ್‌ನ ತಲೆ ಹಿಂದಕ್ಕೆ ಚಿಮ್ಮಿತ್ತು, ಬೆನ್ನು ಬಿಲ್ಲಾಗಿತ್ತು, ಎರಡೂ ಕಾಲು ನೆಲ ಬಿಟ್ಟಿದ್ದವು. ನೂರಿನ್ನೂರು ಕರಬೂಜಗಳು ದಡದಡ ಉರುಳಿದವು. ಅವುಗಳ ಮೇಲೆ ಅವನು ಒಂದು ಕೈ ಚಾಚಿ, ಒಂದು ಕಾಲು ಮಡಚಿ, ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ಬಿದ್ದಿದ್ದ. ಯಾರಾದರೂ ‘ಕಟ್’ ಅನ್ನಲಿ ಎಂದು ಕಾಯುತ್ತಿದ್ದ. ಯಾರೂ ಅನ್ನಲಿಲ್ಲ. ಚಪ್ಪಾಳೆ ಕೇಳಿಸಿತು. ಆಮೇಲೆ ಓಪಲ್‌ಳ ದನಿ: “ನೀವೇ ಸ್ವಲ್ಪ ಆ ಕಡೆ ಹಿಡ್ಕೊಳ್ರೀ, ಎತ್ತೋಣ.” ಅವಳು ತನಗೆ ಬೈದವನನ್ನೇ ತನ್ನ ಗಂಡನನ್ನು ಎತ್ತುವುದಕ್ಕೆ ಕರೆಯುತ್ತಿದ್ದಳು.

ಇಷ್ಟೇ ಆಗಿದ್ದರೆ ಎಮಿಲ್ ಹೇಳಿಬಿಡುತ್ತಿದ್ದ. ಅಭ್ಯಾಸಬಲ ಕಣೇ, ಬಿದ್ದುಬಿಟ್ಟೆ ಅಂತ. ಆದರೆ ಅದರೊಳಗೆ ಇನ್ನೊಂದು ಇತ್ತು. ನೆಲ ಬಿಟ್ಟ ಕಾಲು ಮತ್ತೆ ನೆಲ ಸೇರುವುದರೊಳಗಿನ ಆ ಅರೆಗಳಿಗೆಯಲ್ಲಿ, ಹೆಂಡತಿಯ ಹಿಮ್ಮಡಿಯಿಂದ ರಕ್ತ ಇಳಿಯುತ್ತಿದ್ದಾಗ, ಅವಳಿಗೆ ಬೈದವನು ಎದುರಿಗಿದ್ದಾಗ, ಎಮಿಲ್‌ನ ಮನಸ್ಸು ಸ್ಪಷ್ಟವಾಗಿ ಅಂದುಕೊಂಡಿತ್ತು: ಚೆನ್ನಾಗಿ ಬಂತು. ಹತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಅವನಿಗೆ ಸಂತೋಷವಾಗಿತ್ತು. ಆ ಸಂತೋಷವನ್ನು ಯಾವ ಹೆಂಡತಿಗೆ ಯಾವ ಬಾಯಲ್ಲಿ ಹೇಳುವುದು? ‘ನಾನೇ ಬಿದ್ದೆ’ ಎಂದು ಹೊರಟರೆ ಆ ಮಾತಿನ ಬಾಲ ಹಿಡಿದು ಅದೂ ಬರುತ್ತದೆ. ಓಪಲ್ ಮುಂದೆ ಅವನು ಅರ್ಧ ನಿಜ ಎಂದೂ ಹೇಳಿದವನಲ್ಲ. ಮೊದಲ ಸಲ ಹೊರಗೆ ಕರೆದುಕೊಂಡು ಹೋದಾಗಲೇ ಅವಳ ಹೊಸ ಟೊಪ್ಪಿ ಕಾವಿಗೆ ಕೂತ ಕೋಳಿಯ ಹಾಗಿದೆ ಎಂದಿದ್ದ. ಅವಳು ಬಿದ್ದು ಬಿದ್ದು ನಕ್ಕು, ಆ ತಿಂಗಳೇ ಅವನನ್ನು ಮದುವೆಯಾಗಿದ್ದಳು. ಏಳು ವರ್ಷ ಮಕ್ಕಳಾಗದೆ ಇಬ್ಬರೂ ವೈದ್ಯರಲ್ಲಿಗೆ ಹೋಗಿ ಬಂದ ಮೇಲೆ, ಪರೀಕ್ಷೆಯ ಉತ್ತರ ತರಲು ಒಬ್ಬನೇ ಹೋದವನು, ಹೊಸ್ತಿಲು ದಾಟುವ ಮೊದಲೇ, ಟೊಪ್ಪಿಯನ್ನೂ ತೆಗೆಯದೆ, “ತಪ್ಪು ನನ್ನದಂತೆ ಓಪಲ್” ಎಂದಿದ್ದ. ಆ ದಿನ ಅವಳು ಅತ್ತಿರಲಿಲ್ಲ. ಅವನ ಟೊಪ್ಪಿಯನ್ನು ತಾನೇ ತೆಗೆದು ಗೂಟಕ್ಕೆ ಹಾಕಿದ್ದಳು. ಚರ್ಚಿನ ಹೆಂಗಸರು ಅವಳನ್ನು ಮರೆಗೆ ಕರೆದು, ನಿಮ್ಮವರು ಮನೇಲೂ ಹಾಗೇನಾ ಎಂದು ಕೇಳಿದಾಗ, “ಇನ್ನೂ ಕೆಟ್ಟವರು, ಕೇಳಿದ್ದಕ್ಕೆಲ್ಲ ನಿಜ ಹೇಳ್ತಾರೆ” ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

“ಎಮಿಲ್! ಎದ್ದಿದೀಯೋ, ನಿದ್ದೆಯೋ?”

ನಿರ್ದೇಶಕ ಕೂಗುತ್ತಿದ್ದ. ಇಪ್ಪತ್ತೆಂಟರ ಪ್ರಾಯದವನು, ಕತ್ತಿಗೆ ಸ್ಕಾರ್ಫು ಕಟ್ಟಿದವನು. ಈಗೆಲ್ಲ ಟೀವಿಯ ಅರ್ಧ ಗಂಟೆಯ ಕಥೆಗಳು. ಬೆಳಿಗ್ಗೆ ಕೊಲೆ, ಮಧ್ಯಾಹ್ನ ನ್ಯಾಯ, ಮೂರು ಗಂಟೆಗೆ ಎಲ್ಲರೂ ಮನೆಗೆ. ಮೊದಲನೆಯ ದಿನವೇ ಆತ ಎಮಿಲ್‌ಗೆ, “ಸ್ವಲ್ಪ ಸಣ್ಣದಾಗಿ ಸಾಯಿ. ಟೀವಿ ಪೆಟ್ಟಿಗೆ ಇಷ್ಟಗಲ ಇರುತ್ತೆ, ನೀನು ಸ್ಟೇಜಿನ ಮೇಲೆ ಆಪೆರಾ ಹಾಡೋ ಹಾಗೆ ಸಾಯ್ತೀಯ,” ಎಂದಿದ್ದ. ಎಮಿಲ್ ಆಗ ‘ಆಗಲಿ’ ಎಂದು ತಲೆಯಾಡಿಸಿದ್ದ. ಈಗ ಹೆಂಡದಂಗಡಿಯ ಮೆಟ್ಟಿಲ ಮೇಲೆ ನಾಯಕ ಎದುರು ನಿಂತಿದ್ದ. ಹಾಲು ಕುಡಿದು ಬೆಳೆದ ಮುಖದ ಒಳ್ಳೆಯ ಹುಡುಗ. “ಸಾರ್, ಈ ಕಡೆಯಿಂದ ಬೀಸ್ಲಾ?” ಎಂದು ಮೆಲ್ಲಗೆ ಕೇಳಿ, ಅಳತೆ ನೋಡಿಕೊಂಡು, ಬೀಸಿದ.

ಎಮಿಲ್ ಬೀಳಲಿಲ್ಲ.

ಬೀಳಬಾರದೆಂದು ಅವನು ನಿಶ್ಚಯ ಮಾಡಿಕೊಂಡಿರಲಿಲ್ಲ. ಬೀಳದೆ ಇರಲು ತನಗೆ ಬರುತ್ತದೆಯೋ ಇಲ್ಲವೋ ನೋಡೋಣ ಎಂದು ಅನ್ನಿಸಿತು, ಅಷ್ಟೆ. ಹಿಮ್ಮಡಿ ಎದ್ದಿತು. ಅದನ್ನು ಅವನು ಬೂಟಿನೊಳಗೇ ಒತ್ತಿ ಹಿಡಿದ. ಕತ್ತು ಹಿಂದಕ್ಕೆ ಜಗ್ಗಿತು. ನರ ಉಬ್ಬುವಂತೆ ಬಿಗಿದು ನಿಲ್ಲಿಸಿದ. ನಾಯಕನ ಕೈ ಗಾಳಿಯಲ್ಲಿ ಪೂರ್ತಿ ಸುತ್ತಿ ಬಂದು, ಆಧಾರ ಸಿಗದೆ ಅವನೇ ಮುಗ್ಗರಿಸಿ ಎಮಿಲ್‌ನ ತೋಳು ಹಿಡಿದುಕೊಂಡ. ಕುದುರೆ ಹಿಡಿಯುವವರಿಂದ ಹಿಡಿದು ಕಾಫಿ ಕೊಡುವವನವರೆಗೆ ಎಲ್ಲರೂ ಹೋ ಎಂದು ನಕ್ಕರು. ಎಮಿಲ್‌ನ ಎದೆ ಉಬ್ಬಿತು. ನಿಂತೆ, ನೋಡು, ನಿಂತೆ. ಯಾರಿಗೆ ನೋಡು ಅನ್ನುತ್ತಿದ್ದಾನೆ? ಎರಡು ದಿನ ತಡವಾಗಿ, ಒಂಬತ್ತು ಮೈಲಿ ದೂರದಲ್ಲಿ, ನಿಲ್ಲಲೇಬಾರದ ಜಾಗದಲ್ಲಿ ಅವನು ಬಂಡೆಯ ಹಾಗೆ ನಿಂತಿದ್ದ.

“ಏನಾಯ್ತು ನಿಂಗೆ? ಮರೆತುಹೋಯ್ತಾ?”

“ಕ್ಷಮಿಸಿ. ಕಾಲು ಹಿಡ್ಕೊಂಡ್ತು.”

ಇನ್ನೊಂದು ಸುಳ್ಳು. ಶನಿವಾರದಿಂದ ಎಷ್ಟನೆಯದು? ಎರಡನೆಯ ಟೇಕಿನಲ್ಲಿ ಅವನು ಚಂದವಾಗಿ, ಸಣ್ಣದಾಗಿ, ಪೆಟ್ಟಿಗೆಯ ಅಳತೆಗೆ ಸರಿಯಾಗಿ ಬಿದ್ದ. ಮಧ್ಯಾಹ್ನ ಎರಡಕ್ಕೆ ಗುಂಡು ತಿಂದು ನೀರಿನ ತೊಟ್ಟಿಯೊಳಗೆ ಸತ್ತ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಸತ್ತವರು ಎಲ್ಲರಿಗಿಂತ ಮೊದಲು ಮನೆಗೆ ಹೋಗಬಹುದು, ಈ ಕಸುಬಿನಲ್ಲಿ ಇರುವ ಸುಖ ಅದೊಂದೇ.

ಮೇಕಪ್ಪಿನ ಡೇರೆಯಲ್ಲಿ ಗರಬೆಡ್ ಅವನ ಮುಖದ ಬಣ್ಣವನ್ನು ಎಣ್ಣೆ ಹಚ್ಚಿ ಒರೆಸುತ್ತಿದ್ದ. ಗರಬೆಡ್ ಆರ್ಮೇನಿಯದ ಮುದುಕ. ಹತ್ತೊಂಬತ್ತು ವರ್ಷಗಳಿಂದ ಎಮಿಲ್‌ಗೆ ಬಾಸುಂಡೆ, ಗಾಯ, ಸುಟ್ಟ ಕಲೆ, ಒಮ್ಮೆ ಕುಷ್ಠವನ್ನೂ ಬರೆದುಕೊಟ್ಟವನು. ಎಮಿಲ್ ಕನ್ನಡಿಯಲ್ಲಿ ತನ್ನ ಖಾಲಿ ಮುಖ ನೋಡಿದ.

“ಗರಬೆಡ್, ಒಂದು ಗುದ್ದಿನ ಕಲೆ ಹಾಕಿಕೊಡ್ತೀಯಾ?”

“ನೀನು ಸತ್ತಾಯ್ತಲ್ಲ ಮಾರಾಯ. ಹೆಣಕ್ಕೆ ಯಾಕೆ ಕಲೆ?”

“ಬೇಕು. ನಾಳೆ ಇನ್ನೊಂದು ಕಡೆ ಕೆಲಸ ಕೇಳೋಕೆ ಹೋಗ್ಬೇಕು.”

“ಎಷ್ಟು ದಿನದ್ದು?”

“ಶನಿವಾರದ್ದು.”

“ಶನಿವಾರದ್ದಾದ್ರೆ ನೀಲಿ, ಅಂಚಲ್ಲಿ ಸ್ವಲ್ಪ ನೇರಳೆ. ಹಸಿರು, ಹಳದಿ ಎಲ್ಲ ಬುಧವಾರದ ಮೇಲೆ ಬರೋದು,” ಎಂದ ಗರಬೆಡ್, ಹಣ್ಣು ಮಾರುವವನ ಶ್ರದ್ಧೆಯಿಂದ. “ಗುದ್ದಿದವನು ಎಂಥ ಆಳು?”

ಎಮಿಲ್ ಯೋಚಿಸಿದ. “ದೊಡ್ಡ ಆಳು,” ಎಂದ.

ಗರಬೆಡ್ ಕುಂಚ ತೆಗೆದುಕೊಂಡ. ಯಾವ ಕಡೆಗೆ ಎಂದು ಕೇಳಲಿಲ್ಲ. ಎಮಿಲ್‌ನ ಬಲಗೆನ್ನೆಯೇ ಕ್ಯಾಮೆರಾದ ಕೆನ್ನೆ. ಎಡಗಡೆಯಿಂದ ನೋಡಿದರೆ ಅವನು ಪಾದ್ರಿಯ ಹಾಗೆ ಕಾಣುತ್ತಾನೆಂದು ಯಾವನೋ ಒಬ್ಬ ಛಾಯಾಗ್ರಾಹಕ ಬಹಳ ಹಿಂದೆಯೇ ತೀರ್ಮಾನ ಕೊಟ್ಟಿದ್ದ. ಅಂದಿನಿಂದ ಅವನಿಗಾದ ಗಾಯಗಳೆಲ್ಲ ಬಲಗಡೆಗೇ. ಎಮಿಲ್ ಕನ್ನಡಿಯಲ್ಲಿ ನೋಡುತ್ತಲೇ ಇದ್ದ. ನೀಲಿ ಎದ್ದು ಬಂತು, ನೇರಳೆ ಹರಡಿತು. ಗಾಯ ಇರಬೇಕಾದಲ್ಲೇ ಇದೆ ಎಂದು ಅವನಿಗನ್ನಿಸಿತು. ಹತ್ತೊಂಬತ್ತು ವರ್ಷದಿಂದ ಇದ್ದ ಜಾಗವಲ್ಲವೇ. ಮುಟ್ಟಿ ನೋಡಿಕೊಂಡಾಗ ನಿಜವಾಗಿ ನೋಯುವ ಹಾಗೂ ಅನ್ನಿಸಿತು.

ಬಸ್ಸಿನಲ್ಲಿ ವಾಪಸು ಬರುವಾಗ ಅವನು ಮನಸ್ಸಿನಲ್ಲಿ ಎರಡು ಥರದ ಮಾತು ಕಲಿಯುತ್ತಿದ್ದ. ಒಂದು: ನೋಡು, ಮೇಲೆ ಬಂತು. ಇನ್ನೊಂದು: ಓಪಲ್, ಇದು ಬಣ್ಣ, ಒದ್ದೆ ಬಟ್ಟೆ ತಾ, ನೀನೇ ಒರೆಸು. ಎರಡನೆಯದನ್ನು ಹೇಳಿದರೆ ಅವಳು ನಗುತ್ತಾಳೆ. ಖಂಡಿತ ನಗುತ್ತಾಳೆ. ಮಧ್ಯಾಹ್ನದ ಬಿಸಿಲಲ್ಲಿ ಕಿತ್ತಳೆ ತೋಪುಗಳನ್ನು ಕಡಿದು ಕಟ್ಟಿದ ಒಂದೇ ಥರದ ಮನೆಗಳು ಹಿಂದೆ ಸರಿಯುತ್ತಿದ್ದವು. ಎರಡನೆಯದೇ ಸರಿ ಎಂದು ಅವನು ನಿಶ್ಚಯಿಸಿಕೊಂಡ. ಎಷ್ಟೋ ಹೊತ್ತಿನ ಮೇಲೆ ಹಸಿವಾಯಿತು. ಗೇಟು ತೆರೆಯುವಾಗ ಒಳಗಿನ ಮಾತೂ ಸಿದ್ಧವಾಗಿತ್ತು.

ಜಗಲಿಯಲ್ಲಿ ಕಂದು ಟೊಪ್ಪಿಯ ಮನುಷ್ಯ ಕೂತಿದ್ದ.

ಟೊಪ್ಪಿ ತೊಡೆಯ ಮೇಲಿತ್ತು. ತಲೆಯ ಕೂದಲು ಮುಂದಿನಿಂದ ಉದುರಿತ್ತು. ಮೂವತ್ತೈದು ನಲವತ್ತರ ಒಳಗಿನವನು. ಮೊಳಕಾಲು ಜೋಡಿಸಿಕೊಂಡು ಶಾಲೆಯ ಮಗುವಿನ ಹಾಗೆ ಕೂತಿದ್ದ. ಪಕ್ಕದ ಮೇಜಿನ ಮೇಲೆ ಬಟ್ಟೆ ಮುಚ್ಚಿದ ತಟ್ಟೆ, ಅರ್ಧ ಕುಡಿದ ನಿಂಬೆ ಪಾನಕ. ಓಪಲ್ ಎದುರಿನ ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಅವಳ ಮುಖ ಬೆಳಿಗ್ಗೆಯದಲ್ಲ, ಎಷ್ಟೋ ಹಗುರಾಗಿತ್ತು.

“ಬಂದ್ಯಾ. ಇವರು ವೆಂಡೆಲ್ ಕ್ಲೂಗ್ ಅಂತ. ಮಾರ್ಕೆಟ್ಟಿನವರನ್ನ ಕೇಳಿ ಮನೆ ಹುಡುಕಿಕೊಂಡು ಬಂದಿದಾರೆ ಪಾಪ.”

ವೆಂಡೆಲ್ ಎದ್ದು ನಿಂತ. ಅವನ ಕಣ್ಣು ನೇರ ಎಮಿಲ್‌ನ ಕೆನ್ನೆಗೆ ಹೋಯಿತು. ಮುಖ ಬಿಳಿಚಿತು. “ಅಯ್ಯೋ ದೇವರೇ,” ಎಂದ. “ಇದು ನಾನೇ ಮಾಡಿದ್ದಾ ಸಾರ್?”

ಓಪಲ್ ಕೂಡ ನೋಡಿದಳು. ಅವಳ ಬೆರಳು ಬಟಾಣಿಯ ಸಿಪ್ಪೆಯೊಳಗೇ ನಿಂತಿತು.

“ಎರಡು ರಾತ್ರಿ ನಿದ್ದೆ ಮಾಡಿಲ್ಲ ಸಾರ್,” ಎಂದ ವೆಂಡೆಲ್. ಬಡಬಡನೆ ಹೇಳತೊಡಗಿದ. “ನಾನು ನೀರು ಕಾಯಿಸೋ ಯಂತ್ರ ಮಾರೋನು. ಜಗಳ ಗಿಗಳ ಗೊತ್ತಿಲ್ಲ ನಂಗೆ. ಅವತ್ತು ಒಂದು ಯಂತ್ರ ವಾಪಸ್ ಬಂದಿತ್ತು, ಆ ಸಿಟ್ಟಲ್ಲಿ ಅಮ್ಮಾವ್ರಿಗೆ ಏನೋ ಅಂದ್ಬಿಟ್ಟೆ. ನೀವು ಎದುರು ಬಂದ್ರಿ. ನಿಮ್ಮ ಮುಖ ನೋಡಿ... ತಪ್ಪು ತಿಳ್ಕೋಬೇಡಿ, ಎದೆ ಹೊಡ್ಕೊಂಡ್ತು. ವಯಸ್ಸಾದವರಿಗೆ ಕೈ ಮಾಡ್ದೆ ಅಂತ ನಮ್ಮನೆಯವಳು ನನ್ನ ಜೊತೆ ಮಾತು ಬಿಟ್ಟಿದಾಳೆ. ಹೋಗಿ ಕ್ಷಮೆ ಕೇಳಿ ಬಾ ಅಂತ ಪೀಚ್ ಹಣ್ಣು ತುಂಬಿ ಪೈ ಬೇಯಿಸಿ ಕಳಿಸಿದ್ಲು. ಆದ್ರೆ ಅಮ್ಮಾವ್ರು ಹೇಳ್ತಿದ್ರು, ನಿಮ್ಮ ಕೈ ತಾಗ್ಲೇ ಇಲ್ಲ, ಸುಮ್ನೆ ಕೊರಗ್ಬೇಡಿ ಅಂತ. ನಂಗೂ ಗೆಣ್ಣಿಗೆ ಏನೂ ತಾಗಿದ ಹಾಗಾಗ್ಲಿಲ್ಲ ಸಾರ್, ನಿಜವಾಗ್ಲೂ. ಅದನ್ನ ನಿಮ್ಮ ಬಾಯಿಂದ ಒಂದ್ಸಲ ಕೇಳಿಬಿಟ್ರೆ ನೆಮ್ಮದಿಯಾಗಿ ಮನೆಗೆ ಹೋಗ್ತೀನಿ ಅಂತ ಕಾಯ್ತಾ ಕೂತೆ.” ಅವನು ಮತ್ತೆ ಕೆನ್ನೆ ನೋಡಿದ. “ಆದ್ರೆ ಇದು...”

“ಹೇಳು ಎಮಿಲ್,” ಎಂದಳು ಓಪಲ್. ಬಟಾಣಿಯ ಬುಟ್ಟಿಯನ್ನು ಕೆಳಗಿಟ್ಟಳು. “ಅವರು ಕೇಳ್ತಿದಾರೆ. ಹೇಳು.”

ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುವ ಹಾಗಿತ್ತು. ಮೂವತ್ತು ವರ್ಷದಲ್ಲಿ ಅವಳು ಅವನಲ್ಲಿ ಏನನ್ನಾದರೂ ಬೇಡಿಕೊಂಡದ್ದು ಅವನಿಗೆ ನೆನಪಿರಲಿಲ್ಲ. ಕಲಿತ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಆ ಮಾತು ಕಲಿತದ್ದು ಇಬ್ಬರಿಗಾಗಿ, ಅಡುಗೆಮನೆಯಲ್ಲಿ. ಈ ಮೂರನೆಯವನ ಎದುರಿಗೆ, ಇವನ ಕಣ್ಣಿನಲ್ಲಿ ತುಂಬಿದ ಆ ಹೆದರಿಕೆಯ ಎದುರಿಗೆ? ಯಾವ ನಾಯಕನೂ ಎಮಿಲ್‌ನನ್ನು ಹೊಡೆದ ಮೇಲೆ ಹೀಗೆ ನೋಡಿರಲಿಲ್ಲ. ಕೈ ಒರೆಸಿಕೊಂಡು ಕುದುರೆ ಹತ್ತಿ ಹೋಗುತ್ತಿದ್ದರು. ಇಲ್ಲೊಬ್ಬ ಮನುಷ್ಯ ಅವನ ನೋವಿಗಾಗಿ ನಿದ್ದೆಗೆಟ್ಟು ಬಂದಿದ್ದ. ಈ ನೋವನ್ನು ಇಲ್ಲವೆನ್ನುವುದು ಹೇಗೆ?

“ಕೂತ್ಕೊಳ್ಳಿ,” ಎಂದ ಎಮಿಲ್. ಗಂಭೀರವಾದ, ಔದಾರ್ಯ ತುಂಬಿದ ದನಿ. ಅಂಥ ದನಿಯ ಪಾತ್ರ ಅವನಿಗೆ ಯಾರೂ ಕೊಟ್ಟಿರಲಿಲ್ಲ. “ಆಗಿದ್ದು ಆಗಿಹೋಯ್ತು. ನನ್ನ ಮನಸ್ಸಲ್ಲಿ ಏನೂ ಇಲ್ಲ.”

“ಹಾಗಾದ್ರೆ ತಾಗಿತ್ತಾ ಸಾರ್?”

“ತಾಗಿತ್ತು.”

“ಮತ್ತೆ ಅಮ್ಮಾವ್ರು...”

“ಅವಳ ಮನಸ್ಸು ಮೆತ್ತಗೆ. ನಿಮಗೆ ಬೇಜಾರಾಗದೆ ಇರ್ಲಿ ಅಂತ ಒಂದು ಸುಳ್ಳು ಹೇಳಿದಾಳೆ.”

ಅಂದದ್ದೇ, ತನ್ನ ಸುಳ್ಳನ್ನು ಅವಳ ತಲೆಗೆ ಕಟ್ಟಿದೆನೆಂದು ಅವನಿಗೆ ಗೊತ್ತಾಯಿತು. ವೆಂಡೆಲ್ ಅವಳ ಕಡೆ ತಿರುಗಿ, ಕೃತಜ್ಞತೆಯಿಂದ, ದೊಡ್ಡ ಗುಣ ಅಮ್ಮ ನಿಮ್ಮದು ಅನ್ನುವ ಹಾಗೆ ತಲೆಬಾಗಿದ. ಆಮೇಲೆ ಏನೋ ನೆನಪಾದವನ ಹಾಗೆ ತನ್ನ ಬಲಗೈಯನ್ನು ಮುಂದೆ ಚಾಚಿ, ಗಾಳಿಯಲ್ಲಿ ಮೆಲ್ಲಗೆ ಬೀಸಿ ನೋಡಿಕೊಂಡ. ಕೈ ಎಮಿಲ್‌ನ ಎಡಗೆನ್ನೆಯ ಕಡೆ ಹೋಯಿತು. ಇನ್ನೊಮ್ಮೆ ಬೀಸಿದ. ಮತ್ತೆ ಎಡಗೆನ್ನೆಗೇ.

“ಸಾರ್, ನಾನು ಬಲಗೈಲಲ್ವಾ...” ಎಂದು ಸಂಕೋಚದಿಂದ ಶುರುಮಾಡಿದ.

ಎಮಿಲ್‌ನ ಕೈ ತಾನಾಗಿ ಕೆನ್ನೆಗೆ ಹೋಯಿತು. ಕಾಲ ಕೆಳಗಿನ ಹಲಗೆ ಸರಿದಂತಾಯಿತು. ಒಂದು ಗಳಿಗೆ ಮಾತ್ರ. “ಏಟು ಮೂಳೆಗೆ ಬಿದ್ರೆ ಹಾಗೇ,” ಎಂದ. “ಒಳಗಿಂದ ದಾಟಿ ಆ ಕಡೆ ಎದ್ದು ಬರುತ್ತೆ. ಬಲವಾದ ಏಟಾದ್ರೆ ಮಾತ್ರ. ಇಪ್ಪತ್ತಾರು ವರ್ಷದಲ್ಲಿ ನಾನು ಎರಡೋ ಮೂರೋ ನೋಡಿದೀನಿ.”

“ಹೌದಾ ಸಾರ್?” ವೆಂಡೆಲ್ ತನ್ನ ಮುಷ್ಟಿಯನ್ನು ನೋಡಿಕೊಂಡ. ಬಂದಾಗಿನ ಹೆದರಿಕೆಯ ಕೆಳಗಿನಿಂದ ಬೇರೆ ಏನೋ ಎದ್ದು ಬರುತ್ತಿತ್ತು. ಬೆನ್ನು ನೆಟ್ಟಗಾಯಿತು. “ನಂಗೆ ಗೊತ್ತೇ ಇರಲಿಲ್ಲ.”

“ನಿಮಗೆ ಹೇಗೆ ಗೊತ್ತಿರುತ್ತೆ? ಮೊದಲು ಯಾರಿಗಾದ್ರೂ ಹೊಡೆದಿದ್ರಾ?”

“ಇಲ್ಲ ಸಾರ್, ಇದೇ ಮೊದಲು.” ಅವನು ನಾಚಿಕೊಂಡ.

ಓಪಲ್ ಎದ್ದಳು. ಮಡಿಲಲ್ಲಿದ್ದ ಬಟಾಣಿ ಸಿಪ್ಪೆಗಳನ್ನು ಬುಟ್ಟಿಗೆ ಕೊಡವಿ ಒಳಗೆ ಹೋದಳು. ಎಮಿಲ್‌ಗೆ ಅವಳ ಹೆಜ್ಜೆ ಅಡುಗೆಮನೆಗೆ ಹೋದದ್ದು ಕೇಳಿಸಿತು, ಅಲ್ಲಿಂದ ಮಲಗುವ ಕೋಣೆಗೆ. ಕಪಾಟು ತೆರೆಯಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ವೆಂಡೆಲ್ ಏನೋ ಕೇಳುತ್ತಿದ್ದ, ಗುದ್ದುವಾಗ ಹೆಬ್ಬೆರಳು ಒಳಗಿರಬೇಕೋ ಹೊರಗೋ. ಹೊರಗೆ, ಎಂದು ಎಮಿಲ್ ಉತ್ತರ ಕೊಡುತ್ತಿದ್ದ. ಅವಳು ಹೊರಗೆ ಬಂದಾಗ ತಲೆಯ ಮೇಲೆ ಭಾನುವಾರ ಚರ್ಚಿಗೆ ಹಾಕುವ ಟೊಪ್ಪಿ, ಕೈಯಲ್ಲಿ ಪರ್ಸು, ಇನ್ನೊಂದು ಕೈಯಲ್ಲಿ ಅವಳ ತಂಗಿ ಬೇಕರ್ಸ್‌ಫೀಲ್ಡಿನಿಂದ ಬಂದಾಗ ಬಿಟ್ಟುಹೋದ ಸಣ್ಣ ಚೀಲ.

“ನಿಮ್ಮ ಮನೆಯವರಿಗೆ ಹೇಳಿ, ಪೈ ನೋಡೋಕೇ ಬಹಳ ಚೆನ್ನಾಗಿದೆ ಅಂತ,” ಎಂದಳು ವೆಂಡೆಲ್‌ಗೆ. “ನಿಮ್ಮ ಜೊತೆ ಮಾತಾಡೋಕೂ ಹೇಳಿ.”

ಎಮಿಲ್ ಕಡೆ ಅವಳು ತಿರುಗಲಿಲ್ಲ. ಮೆಟ್ಟಿಲಿಳಿದು, ಹಿಮ್ಮಡಿಗೆ ಕಟ್ಟಿದ್ದ ಪಟ್ಟಿಯಿಂದಾಗಿ ಸ್ವಲ್ಪ ಕುಂಟುತ್ತ ಕಾರಿನವರೆಗೆ ಹೋದಳು. ಅವಳು ಕೀಲಿ ಹುಡುಕುವಷ್ಟು ಹೊತ್ತು ಇತ್ತು. ಕನ್ನಡಿ ಸರಿಮಾಡಿಕೊಳ್ಳುವಷ್ಟು ಹೊತ್ತೂ ಇತ್ತು. ಹೆಸರು ಹಿಡಿದು ಒಂದು ಸಲ ಕೂಗಿದ್ದರೆ ಕೇಳಿಸುವಷ್ಟು ಹತ್ತಿರ. ಕಾರು ಹಿಂದಕ್ಕೆ ಸರಿದು, ಬೀದಿಗೆ ತಿರುಗಿ, ಹೊರಟಿತು.

“ಅಮ್ಮಾವ್ರು ಎಲ್ಲಿಗೋ ಹೊರಟ್ರಲ್ಲ ಸಾರ್? ನನ್ನಿಂದ ಏನಾದ್ರೂ...”

“ಛೆ ಛೆ. ಪೈ ಜೊತೆಗೆ ಐಸ್‌ಕ್ರೀಮ್ ಬೇಡ್ವಾ? ತರೋಕೆ ಹೋದ್ಲು,” ಎಂದ ಎಮಿಲ್. ಯೋಚನೆಯನ್ನೇ ಮಾಡದೆ ಅಂದದ್ದು. ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಬೆರಗಾಯಿತು.

“ಐಸ್‌ಕ್ರೀಮ್ ಅಂಗಡಿ ಎಡಗಡೆ ಇದ್ದ ಹಾಗೆ ನೋಡಿದ್ದೆ ಬರ್ತಾ. ಅವರು ಬಲಗಡೆ ತಿರುಗಿದ್ರು.”

“ಅವಳಿಗೆ ಇಷ್ಟದ ಅಂಗಡಿ ಬೇರೆ ಇದೆ. ಸ್ವಲ್ಪ ದೂರ.”

“ಹಾಗಾದ್ರೆ ಕಾಯೋಣ,” ಎಂದ ವೆಂಡೆಲ್. ಒಳ್ಳೆಯ ಮನುಷ್ಯ. ಪೈಯ ಮೇಲಿನ ಬಟ್ಟೆ ತೆಗೆಯಹೋದವನು ಮತ್ತೆ ಮುಚ್ಚಿದ. “ಅವರಿಲ್ದೆ ಕತ್ತರಿಸಿದ್ರೆ ಚೆನ್ನಾಗಿರಲ್ಲ.”

ಎಮಿಲ್ ಒಳಗೆ ಹೋಗಿ ಮೂರು ತಟ್ಟೆ, ಮೂರು ಚಮಚ ತಂದಿಟ್ಟ. ನಾಲ್ಕೂವರೆಯಾಯಿತು. ವೆಂಡೆಲ್ ನೀರು ಕಾಯಿಸುವ ಯಂತ್ರಗಳ ಬಗ್ಗೆ ಹೇಳಿದ, ಯಾವುದು ಸೋರುತ್ತದೆ, ಯಾವುದು ಹದಿನೈದು ವರ್ಷ ಬಾಳುತ್ತದೆ. ಎಮಿಲ್ ತಲೆಯಾಡಿಸಿದ. ಐದೂಕಾಲಾಯಿತು. ಪ್ರತಿಯೊಂದು ಕಾರಿನ ಸದ್ದಿಗೂ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. “ಈ ಬಿಸಿಲಿಗೆ ಮನೆ ಸೇರೋಷ್ಟರಲ್ಲಿ ಅರ್ಧ ಕರಗಿರುತ್ತೆ ಸಾರ್,” ಎಂದ ವೆಂಡೆಲ್. “ಅವಳು ಬಟ್ಟೆ ಸುತ್ತಿ ತರ್ತಾಳೆ,” ಎಂದ ಎಮಿಲ್. ಆರು ಗಂಟೆಗೆ ವೆಂಡೆಲ್ ಎದ್ದು, ಟೊಪ್ಪಿ ಹಾಕಿಕೊಂಡು, ಎಮಿಲ್‌ನ ಕೈ ಗಟ್ಟಿಯಾಗಿ ಕುಲುಕಿದ. ಬಂದಾಗ ಇರದಿದ್ದ ಗಟ್ಟಿತನ. “ಅಮ್ಮಾವ್ರಿಗೆ ನಾನು ಕಾದೆ ಅಂತ ಹೇಳಿ. ಅಂಗಡೀಲಿ ಜನ ಜಾಸ್ತಿ ಇರ್ಬೇಕು.”

“ಸೋಮವಾರ ಅಲ್ವಾ,” ಎಂದ ಎಮಿಲ್.

ಗೇಟಿನವರೆಗೆ ಹೋಗಿ ಅವನನ್ನು ಕಳಿಸಿ ಬಂದು, ಕುರ್ಚಿಯನ್ನು ಬಲಗಡೆಯ ಬೀದಿ ಕಾಣುವ ಹಾಗೆ ತಿರುಗಿಸಿ ಕೂತುಕೊಂಡ. ಇರುವೆಗಳು ಮೇಜಿನ ಕಾಲು ಹತ್ತತೊಡಗಿದ್ದವು. ಅವನು ಪೈ ತಟ್ಟೆಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ. ಅದು ಇನ್ನೂ ಸ್ವಲ್ಪ ಬೆಚ್ಚಗಿತ್ತು.